ಎರವಿನ ಅಂಗಿ

ರೋಮ್ ನಗರದಿಂದ ಉತ್ತರಾಭಿಮುಖವಾಗಿ ಹೊರಟ ರೈಲು ಎರಡು ಗಂಟೆಗೂ ಮಿಕ್ಕಿ ಪಯಣಿಸಿ ಉಂಬ್ರಿಯಾ ಪ್ರಾಂತದ ಹಸಿರು ಬಯಲನ್ನು ಸೇರುತ್ತದೆ. ಇಕ್ಕೆಲಗಳಲ್ಲಿಯೂ ಆಲಿವ್ ತೋಪುಗಳು, ದ್ರಾಕ್ಷಿಯ ತೋಟಗಳು. ಬಲಗಡೆಗೆ 1,290 ಮೀಟರುಗಳೆತ್ತರದ ಸುಬಾಸಿಯೋ ಬೆಟ್ಟ. ಅದರ ಮಗ್ಗುಲಿಗೆ ಆತುಕೊಂಡು, ನಸುಗೆಂಪು ಬೆರೆತ ಬಿಳಿಗಲ್ಲಿನ ಊರೊಂದು ಬಿಸಿಲು ಕಾಯಿಸುತ್ತ ಕುಳಿತಂತೆ ತೋರುತ್ತದೆ. ಅದೇ ಅಸ್ಸಿಸಿ. ರೈಲು ನಿಲ್ಲುವುದು ಬೆಟ್ಟದಡಿಯ ಬಯಲಿನಲ್ಲಿ. ನಿಲ್ದಾಣದ ಸಮೀಪದಲ್ಲಿಯೇ ಭಾರಿ ಗುಮ್ಮಟವೊಂದು ಕಣ್ಣು ತುಂಬುತ್ತದೆ. ಯಾತ್ರಿಕನು ಅದನ್ನು ಕೊನೆಗೆ ನೋಡುವುದೇ ಲೇಸು. ಏಕೆಂದರೆ ಈ ಊರಿನ ಕಥೆ ಬೆಟ್ಟದ ಮೇಲೆ ಮೊದಲಾಗಿ ಆ ಗುಮ್ಮಟದ ಕೆಳಗೆ ಮುಗಿಯುತ್ತದೆ.

ಮೇಲಿನ ಊರಿನ ನಡುವೆ ಒಂದು ಚೌಕ. ಅಲ್ಲಿ ರೋಮನ್ನರ ಕಾಲದ ಮಿನರ್ವಾ ದೇವತೆಯ ಗುಡಿಯ ಆರು ಕಂಬಗಳು ಇಂದಿಗೂ ಸೆಟೆದು ನಿಂತಿವೆ. ಒಳಗೆ ಮಾತ್ರ ಈಗ ಕ್ರೈಸ್ತ ದೇವಾಲಯವಿದೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಈ ಊರಿನ ಸಿರಿವಂತ ಬಟ್ಟೆ ವ್ಯಾಪಾರಿಗಳಲ್ಲಿ ಪಿಯೆತ್ರೋ ದಿ ಬರ್ನಾರ್ದೋನೆ ಎಂಬವನೊಬ್ಬ. ಫ್ರಾನ್ಸ್ ದೇಶಕ್ಕೆ ಹೋಗಿ ಬೆಲೆಬಾಳುವ ಬಟ್ಟೆಯನ್ನು ತಂದು ಮಾರುವುದು ಅವನ ಕಸಬು. 1181ರಲ್ಲಿಯೋ 1182ರಲ್ಲಿಯೋ ಅವನಿಗೊಬ್ಬ ಮಗ ಹುಟ್ಟಿದನು. ತಾಯಿ ಪೀಕಾ ಕೂಸಿಗೆ ಜೊವಾನ್ನಿ ಎಂದು ಹೆಸರಿಡಿಸಿದ್ದಳಂತೆ. ವ್ಯಾಪಾರದಿಂದ ಮರಳಿದ ತಂದೆ ಅದನ್ನು ಬದಲಿಸಿ ಫ್ರಾಂಚೆಸ್ಕೋ ಎಂದು ಕರೆದನು. ಲೋಕವು ಆತನನ್ನು ಸಂತ ಫ್ರಾನ್ಸಿಸ್ ಎಂದು ಅರಿತಿದೆ.

ಹುಡುಗನ ಕೈ ಧಾರಾಳವಾದದ್ದು. ಉಡುಗೆತೊಡುಗೆಗಳಲ್ಲಿ ಶೋಕಿ, ಗೆಳೆಯರ ಕೂಟ, ಹಾಡು, ಔತಣ. ವೀರಯೋಧನಾಗಬೇಕೆಂಬ ಹಂಬಲವೂ ಇತ್ತು. 1202ರಲ್ಲಿ ಅಸ್ಸಿಸಿಗೂ ನೆರೆಯ ಪೆರೂಜಾ ನಗರಕ್ಕೂ ಕಾಳಗವಾದಾಗ ಆತನು ಸೆರೆಸಿಕ್ಕಿ, ಸುಮಾರು ಒಂದು ವರ್ಷ ಬಂದಿಯಾಗಿದ್ದು, ಜರ್ಜರಿತನಾಗಿ ಮರಳಿದನು. ಆಮೇಲೆ ಮೊದಲಿನ ಉಲ್ಲಾಸ ಉಳಿಯಲಿಲ್ಲ. ಊರ ಹೊರಗಿನ ಪಾಳುಬಿದ್ದ ಸಾನ್ ದಾಮಿಯಾನೋ ಎಂಬ ಗುಡಿಯಲ್ಲಿ ಒಂದು ದಿನ ಶಿಲುಬೆಯ ಮುಂದೆ ಮೊಣಕಾಲೂರಿದ್ದಾಗ, ಮನೆ ಕುಸಿಯುತ್ತಿದೆ, ನೆಟ್ಟಗೆ ಮಾಡು ಎಂಬ ಆಜ್ಞೆ ಆತನಿಗೆ ಕೇಳಿಸಿತೆಂದು ಚರಿತ್ರಕಾರರು ಹೇಳುತ್ತಾರೆ. ಆ ಮಾತನ್ನು ಅಕ್ಷರಶಃ ಹಿಡಿದ ತರುಣನು ತಂದೆಯ ಅಂಗಡಿಯ ಬಟ್ಟೆಯನ್ನು ಕುದುರೆಯ ಮೇಲೆ ಹೇರಿಕೊಂಡು ಹೋಗಿ ಫೋಲಿನ್ಯೋ ಪಟ್ಟಣದಲ್ಲಿ ಮಾರಿದನು, ಕುದುರೆಯನ್ನೂ ಮಾರಿದನು. ಗುಡಿಯ ಬಡ ಪಾದ್ರಿ ಹೆದರಿ ಹಣವನ್ನು ಮುಟ್ಟಲೊಲ್ಲದಿರಲು, ಅದನ್ನು ಕಿಟಕಿಯ ಗೂಡಿಗೆ ಎಸೆದುಬಿಟ್ಟನು.

ಪಿಯೆತ್ರೋನನ್ನು ಲೋಭಿಯೆಂದೂ ಕಲ್ಲೆದೆಯವನೆಂದೂ ಜರೆಯುವುದು ಸುಲಭ. ಆದರೆ ಅದು ನ್ಯಾಯವಾಗದು. ಊರೂರು ಅಲೆದು, ಕಾಸಿಗೆ ಕಾಸು ಕೂಡಿಸಿ ಕಟ್ಟಿದ ಅಂಗಡಿ. ಅದನ್ನು ವಹಿಸಿಕೊಳ್ಳಬೇಕಾದ ಮಗ. ಆ ಮಗನೇ ಸರಕನ್ನು ಕೇಳದೆ ಮಾರಿ ಬಂದರೆ ಯಾವ ತಂದೆ ತಾನೇ ಸುಮ್ಮನಿದ್ದಾನು? ಅವನು ಮಗನನ್ನು ಮನೆಯಲ್ಲಿಯೇ ಕೂಡಿಹಾಕಿದನು. ಆ ಮನೆಯಿತ್ತೆಂದು ನಂಬಲಾದ ಸ್ಥಳದಲ್ಲಿ 1615ರಲ್ಲಿ ಸ್ಪೇನಿನ ರಾಜನ ಹಣದಿಂದ ಕಟ್ಟಲು ತೊಡಗಿದ ಚರ್ಚು ಇಂದು ನಿಂತಿದೆ. ಅದರ ಮುಂದೆ ತಂದೆತಾಯಿಯರ ಕಂಚಿನ ಪ್ರತಿಮೆಗಳಿವೆ. ತಾಯಿಯ ಕೈಯಲ್ಲಿ ಕಡಿದ ಸರಪಳಿ. ಗಂಡ ಊರಲ್ಲಿಲ್ಲದ ಹೊತ್ತು ನೋಡಿ ಮಗನನ್ನು ಬಿಡಿಸಿದವಳು ಆಕೆಯೇ. ಎರಡು ಪ್ರೀತಿಗಳ ನಡುವೆ ಸಿಕ್ಕಿದ ಹೆಣ್ಣಿನ ಸಂಕಟವನ್ನು ಆ ಸರಪಳಿ ಯಾವ ಮಾತಿಗಿಂತಲೂ ಚೆನ್ನಾಗಿ ಹೇಳುತ್ತದೆ.

ಅಲ್ಲಿಂದ ಕೊಂಚ ಇಳಿದರೆ ಬಿಷಪ್ಪರ ಅರಮನೆ. 1206ರಲ್ಲಿ ತಂದೆ ಮಗನ ವ್ಯಾಜ್ಯ ಬಿಷಪ್ ಗ್ವಿದೋನ ಮುಂದೆ ಬಂದದ್ದು ಇಲ್ಲಿ. ಹಣವನ್ನು ಹಿಂದಿರುಗಿಸೆಂದು ಬಿಷಪ್ ಹೇಳಿದನು. ಫ್ರಾನ್ಸಿಸನು ಹಣವನ್ನು ಕೊಟ್ಟನು. ಅಷ್ಟಕ್ಕೆ ನಿಲ್ಲದೆ ಮೈಮೇಲಿದ್ದ ಬಟ್ಟೆಯನ್ನೂ ಕಳಚಿ ತಂದೆಯ ಮುಂದಿಟ್ಟು, ಇನ್ನು ಮುಂದೆ ಸ್ವರ್ಗದಲ್ಲಿರುವವನೇ ತನ್ನ ತಂದೆಯೆಂದು ಸಾರಿ, ಬರಿಮೈಯಲ್ಲಿ ನಿಂತನು. ಬಿಷಪ್ ತನ್ನ ಮೇಲುಹೊದಿಕೆಯನ್ನು ಆತನಿಗೆ ಹೊದಿಸಿದನು. ಕೌಶಿಕನ ಅರಮನೆಯಲ್ಲಿ ಉಡುಗೆಯನ್ನು ತೊರೆದು ಹೊರನಡೆದ ಅಕ್ಕಮಹಾದೇವಿಯ ಚಿತ್ರ ಕನ್ನಡಿಗನ ಕಣ್ಣಿಗೆ ಇಲ್ಲಿ ಕಟ್ಟದೆ ಇರದು. ಇಬ್ಬರೂ ಹೆಚ್ಚುಕಡಮೆ ಒಂದೇ ಯುಗದವರು. ಒಬ್ಬರ ಹೆಸರನ್ನೊಬ್ಬರು ಕೇಳುವ ಸಂಭವವೇ ಇಲ್ಲದವರು.

ಅರಮನೆಗೆ ಹೊಂದಿದ ಪುರಾತನ ದೇವಾಲಯದಲ್ಲಿ ಈಗ ಯಾತ್ರಿಕರ ಸಾಲು ದಿನವೂ ಬೆಳೆಯುತ್ತದೆ. 2006ರಲ್ಲಿ ಹದಿನೈದರ ಹರೆಯದಲ್ಲಿ ತೀರಿಕೊಂಡು, 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಕಾರ್ಲೋ ಅಕುಟಿಸ್ ಎಂಬ ಬಾಲಕನ ಸಮಾಧಿ ಅಲ್ಲಿದೆ. ಜೀನ್ಸ್ ಷರಾಯಿ, ಆಟದ ಬೂಟುಗಳನ್ನು ತೊಟ್ಟೇ ಆತನು ಗಾಜಿನ ಹಿಂದೆ ಮಲಗಿದ್ದಾನೆ. ಒಬ್ಬನು ಬಟ್ಟೆ ಬಿಚ್ಚಿ ದೇವರ ಕಡೆಗೆ ನಡೆದ ಜಾಗದಲ್ಲಿಯೇ, ನಮ್ಮ ಮನೆಯ ಮಕ್ಕಳು ತೊಡುವ ಬಟ್ಟೆಯಲ್ಲಿಯೇ ಇನ್ನೊಬ್ಬನು ದೇವರನ್ನು ಸೇರಿದನೆಂದು ಭಕ್ತರು ನಂಬುತ್ತಾರೆ. ಹಾಗಾದರೆ ಬಿಡಬೇಕಾದುದು ಬಟ್ಟೆಯನ್ನೋ, ಬೇರೆ ಏನನ್ನೋ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಊರ ಕೋಟೆಯಿಂದಿಳಿದು, ಆಲಿವ್ ಮರಗಳ ನಡುವಿನ ಹಾದಿ ಹಿಡಿದು ಸಾನ್ ದಾಮಿಯಾನೋಗೆ ಹೋಗಬೇಕು. ಫ್ರಾನ್ಸಿಸನು ಕೈಯಾರೆ ಕಲ್ಲು ಹೊತ್ತು ದುರಸ್ತಿ ಮಾಡಿದ ಗುಡಿ ಅದು. 1212ರಲ್ಲಿ ಶ್ರೀಮಂತರ ಮನೆಯನ್ನು ತೊರೆದು ಬಂದ ಕ್ಲಾರಾ ತನ್ನ ಸಂಗಾತಿಯರೊಡನೆ ಬಾಳಿದ್ದೂ ಇಲ್ಲಿಯೇ. ಯಾವ ಆಸ್ತಿಯೂ ತಮಗೆ ಬೇಡವೆಂಬ ಹಕ್ಕಿಗಾಗಿ ಆಕೆ ಪೋಪರೊಡನೆ ವರ್ಷಾನುಗಟ್ಟಲೆ ಹೆಣಗಿದಳು; ಆಕೆಯ ನಿಯಮಾವಳಿಗೆ ಒಪ್ಪಿಗೆಯ ಮುದ್ರೆ ಬಿದ್ದದ್ದು 1253ರ ಆಗಸ್ಟ್ 9ರಂದು, ಆಕೆ ಕಣ್ಣು ಮುಚ್ಚುವುದಕ್ಕೆ ಎರಡೇ ದಿನ ಮುಂಚೆ. ಆಸ್ತಿಗಾಗಿ ಜೀವಮಾನವಿಡೀ ಹೋರಾಡಿದವರನ್ನು ಲೋಕ ಬೇಕಾದಷ್ಟು ಕಂಡಿದೆ. ಆಸ್ತಿ ಇಲ್ಲದಿರುವುದಕ್ಕಾಗಿ ಹೋರಾಡಿದವರು ವಿರಳ.

1225ರಲ್ಲಿ, ಕಣ್ಣು ಹೆಚ್ಚುಕಡಮೆ ಕಾಣದಾಗಿ, ರೋಗದಿಂದ ನರಳುತ್ತಿದ್ದ ಫ್ರಾನ್ಸಿಸನು ಸೂರ್ಯಗೀತೆಯನ್ನು ರಚಿಸಿದ್ದು ಈ ಗುಡಿಯ ಆಶ್ರಯದಲ್ಲಿ. ಇಟಲಿಯ ಆಡುನುಡಿಯ ಮೊತ್ತಮೊದಲ ಕವಿತೆಗಳ ಸಾಲಿಗೆ ಅದು ಸೇರುತ್ತದೆ. ಸೂರ್ಯನು ಅದರಲ್ಲಿ ಅಣ್ಣ, ಚಂದ್ರ ನೀರುಗಳು ಅಕ್ಕತಂಗಿಯರು, ಬೆಂಕಿ ತಮ್ಮ, ಭೂಮಿ ತಾಯಿ. ಲೋಕವನ್ನು ಹಳಿದು ಓಡಿಹೋದವನ ಹಾಡಲ್ಲ ಇದು. ಆತನು ತೊರೆದದ್ದು ವಸ್ತುಗಳ ಮೇಲಣ ಒಡೆತನವನ್ನು, ವಸ್ತುಗಳ ಮೇಲಣ ಒಲವನ್ನಲ್ಲ. ಬಿಸಿಲಿಗೆ ಬಾಡಿಗೆ ಕೊಟ್ಟವರಾರು? ನೀರಿಗೆ ಬೀಗ ಹಾಕಿದವರಾರು? ದೇವರು ಕೊಟ್ಟದ್ದನ್ನು ಬಳಸಿ, ನನ್ನದೆನ್ನದೆ ಹಿಂದಿರುಗಿಸುವುದೇ ಆತನ ಭಕ್ತಿಯ ತಿರುಳು.

ಇದಕ್ಕೆ ಬರಿಯ ಭಾವುಕತೆಯಲ್ಲದ ಕಾರಣವೂ ಇತ್ತು. ನಿಮ್ಮ ಬಾಳು ತೀರ ಕಠಿಣವಾಯಿತೆಂದು ಬಿಷಪ್ ಮರುಗಿದಾಗ, ಆಸ್ತಿಯಿದ್ದರೆ ಅದನ್ನು ಕಾಯಲು ಆಯುಧಗಳು ಬೇಕಾಗುತ್ತವೆ, ಅದರಿಂದ ಜಗಳಗಳೂ ವ್ಯಾಜ್ಯಗಳೂ ಹುಟ್ಟಿ ದೇವರ ಮೇಲಣ ಪ್ರೀತಿಗೂ ನೆರೆಯವನ ಮೇಲಣ ಪ್ರೀತಿಗೂ ಅಡ್ಡಬರುತ್ತವೆ ಎಂಬರ್ಥದ ಉತ್ತರವನ್ನು ಫ್ರಾನ್ಸಿಸನು ಕೊಟ್ಟನಂತೆ. ಪೆರೂಜಾದ ಸೆರೆಮನೆಯನ್ನು ಕಂಡು ಬಂದವನ ಮಾತು ಅದು. 1223ರಲ್ಲಿ ಪೋಪ್ ಮೂರನೆಯ ಹೊನೋರಿಯಸ್ ಒಪ್ಪಿದ ನಿಯಮಾವಳಿಯಲ್ಲಿ, ಸೋದರರು ನಾಣ್ಯವನ್ನು ಯಾವ ರೀತಿಯಿಂದಲೂ ಸ್ವೀಕರಿಸಕೂಡದೆಂದು ಬರೆದಿದೆ.

ಇನ್ನು ಊರಿನ ಪಡುವಣ ತುದಿಗೆ ಬರಬೇಕು. ಗಲ್ಲುಗಂಬವಿದ್ದ, ನರಕದ ಗುಡ್ಡವೆನಿಸಿಕೊಂಡಿದ್ದ ಜಾಗವಿದೆಂದು ಹೇಳುತ್ತಾರೆ. ಇಂದು ಇದರ ಹೆಸರು ಸ್ವರ್ಗದ ಗುಡ್ಡ. 1226ರ ಅಕ್ಟೋಬರ್ 3ರಂದು ತೀರಿಕೊಂಡ ಫ್ರಾನ್ಸಿಸನನ್ನು 1228ರ ಜುಲೈ 16ರಂದು ಪೋಪ್ ಒಂಬತ್ತನೆಯ ಗ್ರೆಗರಿ ಸಂತನೆಂದು ಸಾರಿ, ಮರುದಿನವೇ ಇಲ್ಲಿ ಮಹಾದೇವಾಲಯಕ್ಕೆ ಅಡಿಗಲ್ಲಿಟ್ಟನು. ಒಂದರ ಮೇಲೊಂದು ಎರಡು ದೇವಾಲಯಗಳು. ಚಿಮಾಬುವೆಯಂಥ ಕಲಾವಿದರ ಭಿತ್ತಿಚಿತ್ರಗಳು. ಮೇಲಣ ದೇವಾಲಯದಲ್ಲಿ ಜೊತ್ತೋವಿನದೆಂದು ಪ್ರಸಿದ್ಧವಾದ, ಫ್ರಾನ್ಸಿಸನ ಜೀವನದ 28 ಚಿತ್ರಗಳು. ಅವುಗಳಲ್ಲೊಂದರಲ್ಲಿ ಆ ವ್ಯಾಜ್ಯದ ದೃಶ್ಯವಿದೆ: ಮಗನ ಬಟ್ಟೆ ತಂದೆಯ ತೋಳಿನ ಮೇಲೆ, ಮುನ್ನುಗ್ಗುವ ತಂದೆಯನ್ನು ಒಬ್ಬನು ಹಿಡಿದು ನಿಲ್ಲಿಸಿದ್ದಾನೆ. ಕೆಳಗೆ, ತೇಪೆಯ ಮೇಲೆ ತೇಪೆ ಬಿದ್ದ ಸಂತನ ಬೂದುಬಣ್ಣದ ಅಂಗಿಯನ್ನು ಜೋಪಾನವಾಗಿ ಕಾದಿರಿಸಿದ್ದಾರೆ.

ಏನೂ ಬೇಡವೆಂದವನಿಗೆ ಇಷ್ಟೊಂದು! ಈ ವಿರೋಧ ಆ ಕಾಲದಲ್ಲಿಯೇ ಎದೆಗಳನ್ನು ಸೀಳಿತು. ಕಟ್ಟಡದ ಹೊಣೆ ಹೊತ್ತ ಎಲಿಯಾಸನು ಹಣ ಕೂಡಿಸಲು ಅಮೃತಶಿಲೆಯ ಪಾತ್ರೆಯನ್ನಿಟ್ಟಾಗ, ಫ್ರಾನ್ಸಿಸನ ಆಪ್ತ ಶಿಷ್ಯ ಲಿಯೋ ಅದನ್ನು ಒಡೆದುಹಾಕಿ ಏಟು ತಿಂದನೆಂಬ ಐತಿಹ್ಯವಿದೆ. ಕಾನೂನು ಬಲ್ಲವರು ಒಂದು ದಾರಿ ಹುಡುಕಿದರು: ಬಳಕೆ ಸೋದರರದು, ಒಡೆತನ ಪೋಪರದು. ಈ ದೇವಾಲಯದ ನೆಲವೂ ಪೋಪರ ಹೆಸರಿಗೇ ದಾನವಾಗಿ ಬಂದದ್ದು. ಫ್ರಾನ್ಸಿಸನ ಹೃದಯದಲ್ಲಿ ನಿಜವಾಗಿದ್ದುದು ದಸ್ತಾವೇಜಿನಲ್ಲಿ ಉಪಾಯವಾಯಿತು. ಒಪ್ಪದ ಕಟ್ಟುನಿಟ್ಟಿನವರು ಸಿಡಿದು ನಿಂತರು. 1318ರಲ್ಲಿ ಅವರ ಪೈಕಿ ನಾಲ್ವರನ್ನು ಮಾರ್ಸೇಲ್ಸ್ ನಗರದಲ್ಲಿ ಸುಡಲಾಯಿತು. 1323ರಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನ್, ಕ್ರಿಸ್ತನಿಗೂ ಆತನ ಶಿಷ್ಯರಿಗೂ ಯಾವ ಸೊತ್ತೂ ಇರಲಿಲ್ಲವೆಂದು ಹಟಹಿಡಿಯುವುದು ಧರ್ಮವಿರೋಧವೆಂದು ಸಾರಿದನು. ಬಡತನವೂ ನನ್ನದು, ನಿನ್ನದು ಎಂದು ಕಾದಾಡುವ ಸೊತ್ತಾಗಬಲ್ಲದೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಡ.

ಆದರೆ ಈ ಕಟ್ಟಡವನ್ನು ಬರಿಯ ವ್ಯಾಮೋಹವೆಂದು ತಳ್ಳಿಹಾಕುವುದೂ ಸಲ್ಲದು. 1997ರ ಸೆಪ್ಟೆಂಬರ್ 26ರಂದು ಭೂಕಂಪದಿಂದ ಮೇಲಣ ದೇವಾಲಯದ ಕಮಾನುಚಾವಣಿ ಕುಸಿದು, ಹಾನಿಯನ್ನು ಪರಿಶೀಲಿಸುತ್ತಿದ್ದ ನಾಲ್ವರು ಮಡಿದರು. ನೆಲಕ್ಕುರುಳಿದ ಚಿತ್ರಗಳ ಚೂರುಗಳನ್ನು ಆಯ್ದು, ಒಂದಕ್ಕೊಂದು ಹೊಂದಿಸಿ, 1999ರ ನವೆಂಬರಿನಲ್ಲಿ ದೇವಾಲಯವನ್ನು ಮತ್ತೆ ತೆರೆದರು. ಚೂರು ಚೂರಾಗಿ ಜೋಡಿಸಿದ ಆ ಕೈಗಳಲ್ಲಿ ಯಾರಿಗೂ ಅದು ಸ್ವಂತದ ಸೊತ್ತಲ್ಲ. ಒಡೆತನವಿಲ್ಲದ ಆರೈಕೆ ಎಂದರೆ ಹೀಗೆಯೇ ಇದ್ದೀತು.

ಈಗ ಬಯಲಿಗೆ ಇಳಿಯುವ ಹೊತ್ತು. ಮೊದಲು ಕಂಡ ಭಾರಿ ಗುಮ್ಮಟದ ಸಾಂತಾ ಮರಿಯಾ ದೆಲ್ಯಿ ಆಂಜೆಲಿ, ಎಂದರೆ ದೇವದೂತರ ಮೇರಿಮಾತೆಯ ದೇವಾಲಯ, 1569ರಲ್ಲಿ ಮೊದಲಾಗಿ 1679ರಲ್ಲಿ ಮುಗಿಯಿತು. ಒಳಹೊಕ್ಕವನಿಗೆ ಒಂದು ಅಚ್ಚರಿ ಕಾದಿರುತ್ತದೆ: ವಿಶಾಲವಾದ ಗುಮ್ಮಟದ ನೇರ ಕೆಳಗೆ, ಸುಮಾರು 7 ಮೀಟರ್ ಉದ್ದ, 4 ಮೀಟರ್ ಅಗಲದ ಒರಟು ಕಲ್ಲಿನ ಪುಟ್ಟ ಗುಡಿ! ಹೆಸರು ಪೋರ್ಸಿಯುಂಕುಲಾ, ಎಂದರೆ ಸಣ್ಣ ಪಾಲಿನ ನೆಲ. ಫ್ರಾನ್ಸಿಸನ ಸಂಘದ ತೊಟ್ಟಿಲು ಇದು. ಸುಬಾಸಿಯೋ ಬೆಟ್ಟದ ಬೆನೆಡಿಕ್ಟನ ಮಠದವರು ಇದನ್ನು ಆತನಿಗೆ ಉಚಿತವಾಗಿಯೇ ಬಿಟ್ಟುಕೊಟ್ಟರು. ಆತನು ಮಾತ್ರ, ಇದು ನಮ್ಮದಲ್ಲವೆಂಬುದನ್ನು ಸೋದರರು ಎಂದೂ ಮರೆಯದಿರಲೆಂದು, ವರ್ಷಕ್ಕೊಂದು ಬುಟ್ಟಿ ಮೀನನ್ನು ಬಾಡಿಗೆಯಾಗಿ ಮಠಕ್ಕೆ ಕಳುಹಿಸುವ ಏರ್ಪಾಡು ಮಾಡಿದನು. ಮಠದವರು ಪ್ರತಿಯಾಗಿ ಒಂದು ಕುಡಿಕೆ ಎಣ್ಣೆಯನ್ನು ಕಳುಹಿಸುತ್ತಿದ್ದರಂತೆ. 1832ರ ಭೂಕಂಪದಲ್ಲಿ ಸುತ್ತಣ ಮಹಾದೇವಾಲಯದ ನಡುಭಾಗ ಕುಸಿದುಬಿದ್ದಾಗಲೂ ಬಾಡಿಗೆಯ ಈ ಗುಡಿ ಅಲುಗದೆ ನಿಂತಿತು.

ಗುಡಿಯ ಪಕ್ಕದಲ್ಲಿಯೇ ಫ್ರಾನ್ಸಿಸನು ಕೊನೆಯುಸಿರೆಳೆದ ಕೋಣೆಯಿದೆ. ಸಾವು ಹತ್ತಿರವಾದಾಗ ಆತನು ರೋಮಿನ ಗೆಳತಿ ಜಾಕೊಪಾಳಿಗೆ ಓಲೆ ಬರೆಸಿದನೆಂದು ಹಳೆಯ ಚರಿತ್ರೆಗಳು ಹೇಳುತ್ತವೆ: ಹೊದಿಸಲು ಬಟ್ಟೆ, ಮೇಣದ ಬತ್ತಿಗೆ ಮೇಣ, ಜೊತೆಗೆ ಆಕೆ ಹಿಂದೆ ಮಾಡಿಕೊಡುತ್ತಿದ್ದ ಬಾದಾಮಿಯ ಸಿಹಿತಿಂಡಿ. ಓಲೆ ಹೊರಡುವ ಮುನ್ನವೇ ಆಕೆ ಅವೆಲ್ಲವನ್ನೂ ಹಿಡಿದು ಬಾಗಿಲಲ್ಲಿ ನಿಂತಿದ್ದಳಂತೆ. ಜಾಕೊಪಾ ವಿಧವೆ, ಸಿರಿವಂತೆ, ಮಕ್ಕಳ ತಾಯಿ. ಮನೆಯನ್ನು ಬಿಟ್ಟು ಬಾ ಎಂದು ಫ್ರಾನ್ಸಿಸನು ಆಕೆಯನ್ನು ಕರೆಯಲಿಲ್ಲ. ಮನೆವಾರ್ತೆಯಲ್ಲಿದ್ದುಕೊಂಡೇ ಕೈಬಿಗಿ ಸಡಿಲಿಸಿ ಬಾಳುವ ಗೃಹಸ್ಥರಿಗೆಂದು ಆತನ ಹೆಸರಿನ ಬೇರೊಂದು ಸಂಘವೇ ಬೆಳೆಯಿತು. ಇಂದು ಜಾಕೊಪಾಳ ಅಸ್ಥಿಗಳು ಬೆಟ್ಟದ ಮೇಲಿನ ದೇವಾಲಯದಲ್ಲಿ, ಆತನ ಸಮಾಧಿಗೆ ಎದುರಾಗಿಯೇ ಇವೆ. ಎಲ್ಲವನ್ನೂ ತೊರೆದವನು ಒಂದು ತುಣುಕು ಸಿಹಿಯನ್ನು ಆಸೆಪಟ್ಟದ್ದರಲ್ಲಿ ಕುಂದೇನೂ ಇಲ್ಲ; ಪ್ರೀತಿಯಿಂದ ಬಂದದ್ದನ್ನು ಬೇಡಿ ಪಡೆಯುವುದಕ್ಕೂ ವಿನಯ ಬೇಕು.

ಕೊನೆಗಾಲದಲ್ಲಿ ಆತನು ತನ್ನನ್ನು ಬರಿಮೈಯಲ್ಲಿ ಬರಿನೆಲದ ಮೇಲೆ ಮಲಗಿಸಬೇಕೆಂದು ಕೇಳಿಕೊಂಡನು. ಬಿಷಪ್ಪರ ಮುಂದೆ ಇಪ್ಪತ್ತು ವರ್ಷಗಳ ಹಿಂದೆ ಆರಂಭವಾದ ಕಾರ್ಯ ಅಲ್ಲಿಗೆ ಪೂರ್ಣವಾಗುವಂತಿತ್ತು. ಆಗ ಸೋದರರ ಮೇಲ್ವಿಚಾರಕನೊಬ್ಬನು ಒಂದು ಅಂಗಿಯನ್ನು ತಂದು, ಇದು ಎರವು ಮಾತ್ರ, ಇದರ ಮೇಲೆ ನಿನಗೆ ಯಾವ ಹಕ್ಕೂ ಇಲ್ಲ, ಆದಕಾರಣ ಇನ್ನೊಬ್ಬರಿಗೆ ದಾನಮಾಡಲೂ ಆಗದು, ತೊಟ್ಟುಕೊಳ್ಳೆಂದು ಆಜ್ಞೆ ಮಾಡಿದನು. ಅದನ್ನು ಕೇಳಿ ಫ್ರಾನ್ಸಿಸನ ಮುಖ ಅರಳಿತಂತೆ. ಬಡತನದ ನೇಮ ಕೊನೆಯವರೆಗೂ ಕೆಡಲಿಲ್ಲ, ಚಳಿಯೂ ತಟ್ಟಲಿಲ್ಲ. ಎಂಟು ಶತಮಾನಗಳಿಂದ ಅಸ್ಸಿಸಿಗೆ ಬಂದು ಹೋಗುವ ಕೋಟ್ಯಂತರ ಜನರಲ್ಲಿ ಮನೆಯಿಲ್ಲದವರು, ಅಂಗಡಿಯಿಲ್ಲದವರು ಕಡಮೆಯೇ. ಅವರೆಲ್ಲರೂ ಹಿಂದಿರುಗಿ ಹೋಗುವುದು ತಮ್ಮ ತಮ್ಮ ಮನೆಗಳಿಗೇ. ಹೋಗುವಾಗ, ಮೈಮೇಲಿನ ಅಂಗಿ ಯಾರಿಂದ ಎರವಾಗಿ ಬಂದದ್ದೆಂದು ಒಂದು ಗಳಿಗೆ ಯೋಚಿಸಿದರೆ, ಆ ಪುಟ್ಟ ಗುಡಿಯ ಬಾಡಿಗೆ ಸಂದಂತೆಯೇ.