ಸಂಗಮದಲ್ಲಿ ಚಪ್ಪಲಿ ಕಾದವರು

ಶ್ರಾವಣ ಮಾಸದ ಒಂದು ಸೋಮವಾರ ಕೂಡಲಸಂಗಮಕ್ಕೆ ಹೋಗಿಬರುವುದು ನಮ್ಮ ಮನೆಯಲ್ಲಿ ನಡೆದುಬಂದ ಪದ್ಧತಿ. ಕಳೆದ ವರ್ಷ ತಂದೆಯವರು ಲಿಂಗೈಕ್ಯರಾದ ಮೇಲೆ ಈ ಪದ್ಧತಿ ಅಲ್ಲಿಗೇ ನಿಲ್ಲುವುದೇನೋ ಎಂದುಕೊಂಡಿದ್ದೆವು. ಆದರೆ ಶ್ರಾವಣ ಬರುತ್ತಲೇ ತಾಯಿಯವರು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ, ತಂದೆಯವರ ಕೊಡೆಯನ್ನೂ ಅವರ ಖರ್ಚಿನ ವಹಿಯನ್ನೂ ಚೀಲದಲ್ಲಿಟ್ಟರು. ಮುಂದೆ ಮಾತಿಗೆ ಅವಕಾಶವಿರಲಿಲ್ಲ.

ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರು. ಮನೆಯಲ್ಲಿ ಮಾತ್ರ ನಮಗೆ ಓರಗೆಯ ಗೆಳೆಯರಂತಿದ್ದರು. ಗೋಲಿಯಾಟದಲ್ಲಿ ಸೋತರೆ ನಮ್ಮಷ್ಟೇ ಜಗಳ ತೆಗೆಯುತ್ತಿದ್ದರು. ಏಳು ಗಂಟೆಯ ಬಸ್ಸಿಗೆ ಐದೂವರೆಗೇ ನಿಲ್ದಾಣದಲ್ಲಿ ನಮ್ಮನ್ನೆಲ್ಲ ಕೂಡ್ರಿಸುವುದು ಅವರ ರೂಢಿ. ಒಮ್ಮೆ ತಮ್ಮನಿಗೆ ನಿರ್ವಾಹಕರು ಅರ್ಧ ಟಿಕೀಟು ಹರಿಯುವಾಗ ಇವರು ಎದ್ದು ನಿಂತು, "ಹುಡುಗಗ ಹನ್ನೆರಡು ತುಂಬಿ ಮೂರು ದಿನಾ ಆತು, ಪೂರ್ತಿ ಕೊಡ್ರಿ" ಎಂದರು. "ಮಾಸ್ತರ, ಮೂರು ದಿನಾ ನನಗ ಬಿಡ್ರಿ" ಎಂದು ಆ ಪುಣ್ಯಾತ್ಮರು ಕೈಮುಗಿದರೂ ಕೇಳಲಿಲ್ಲ. ಆ ಪೂರ್ತಿ ಟಿಕೀಟಿನ ಲೆಕ್ಕ ವಹಿಯಲ್ಲಿ ಇಂದಿಗೂ ಇದೆ.

ನಮ್ಮ ಹಳೆಯ ಮನೆ ಘಟಪ್ರಭೆಯ ದಂಡೆಯ ಹಳೆ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರಿಗೆ ಆ ಓಣಿ ಮುಳುಗಿ ನಾವು ನವನಗರಕ್ಕೆ ಬಂದೆವು. "ಮನಿಗೊಂದು ನಳಾ ಬೇಕಂತ ಅರ್ಜಿ ಕೊಟ್ಟಿದ್ದೆ, ಹೊಳೀನ ಬಂತು" ಎಂದು ತಂದೆಯವರು ನಗಿಸುತ್ತಿದ್ದರು. ಆ ನಗೆಯ ಹಿಂದೆ ಬೇರೊಂದು ಸಂಗತಿ ಇದ್ದುದು ನಮಗೆ ಗೊತ್ತಿರಲಿಲ್ಲ.

ಸಂಗಮಕ್ಕೆ ಹತ್ತಿರದ ದಾರಿಯಿದ್ದರೂ ನಾವು ಅಮೀನಗಡ, ಹುನಗುಂದಗಳ ಮೇಲೆಯೇ ಹೋದೆವು. ಅದೂ ತಂದೆಯವರ ಪದ್ಧತಿ. ಕಾರಣ ಭಕ್ತಿಯಲ್ಲ, ಅಮೀನಗಡದ ಕರದಂಟು. ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ ಸೇರಿದ ಆ ಬೆಲ್ಲದ ಉಂಡೆಯನ್ನು ವೈದ್ಯರು ಬೇಡವೆಂದ ಮೇಲೂ "ಸಂಗಮನಾಥಗ ನೈವೇದ್ಯಕ್ಕ" ಎಂದು ಕೊಳ್ಳುವರು. ಹುನಗುಂದ ತಲುಪುವಷ್ಟರಲ್ಲಿ ನೈವೇದ್ಯ ಅರ್ಧವಾಗಿರುತ್ತಿತ್ತು.

ಹುನಗುಂದದಲ್ಲಿ ಇಳಕಲ್ಲಿನ ಕಾಕಾ ಬಂದು ನಮ್ಮನ್ನು ಕೂಡಿಕೊಂಡರು. ತಂದೆಯವರೊಡನೆ ಬಾಗಲಕೋಟೆಯಲ್ಲಿ ಬೆಳೆದು, ಮುಂದೆ ಇಳಕಲ್ಲಿಗೆ ಮಗ್ಗದ ಕೆಲಸಕ್ಕೆ ಹೋದವರು. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವುದರಲ್ಲಿ ಅವರದು ಪಳಗಿದ ಕೈ. ತಾಯಿಯವರು ಅಂದು ಉಟ್ಟದ್ದೂ ಅವರೇ ನೇಯ್ದ ಕೆಂಪು ಸೆರಗಿನ ಸೀರೆ. ಬಸ್ಸಿನಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ.

ಚಾಲುಕ್ಯ ಶೈಲಿಯ ಸಂಗಮೇಶ್ವರ ದೇವಾಲಯದಲ್ಲಿ ದರ್ಶನ ಮುಗಿಸಿ, ಕೃಷ್ಣೆ ಮಲಪ್ರಭೆಯರು ಕೂಡುವೆಡೆಗೆ ನಡೆದೆವು. ಬಸವಣ್ಣನವರ ಐಕ್ಯಸ್ಥಳ ಅಲ್ಲಿಯೇ ನದಿಯಲ್ಲಿದೆ. 1982ರಲ್ಲಿ ನಾರಾಯಣಪುರದ ಅಣೆಕಟ್ಟೆಯಾದ ಮೇಲೆ ಹಿನ್ನೀರು ಇಲ್ಲಿಯವರೆಗೆ ಏರುವಂತಾಯಿತು. ಮಂಟಪ ಮುಳುಗದಿರಲೆಂದು ಸುತ್ತಲೂ ದೊಡ್ಡ ಬಾವಿಯಂತೆ ಗೋಡೆ ಎಬ್ಬಿಸಿದ್ದಾರೆ. ದಂಡೆಯಿಂದ ಸೇತುವೆಯ ಮೇಲೆ ಹೋಗಿ, ಒಳಗೆ ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ಗೋಡೆಯ ಹೊರಗೆ ನದಿ, ಒಳಗೆ ನೀರಿನ ಮಟ್ಟಕ್ಕಿಂತ ಎಷ್ಟೋ ಕೆಳಗೆ ಭಕ್ತರು.

ತಮ್ಮ ತಾರುಣ್ಯದಲ್ಲಿ, ಬೇಸಗೆಯ ದಿನಗಳಲ್ಲಿ, ಮರಳಿನ ಮೇಲೆ ನಡೆದೇ ಐಕ್ಯಸ್ಥಳಕ್ಕೆ ಹೋಗುತ್ತಿದ್ದುದನ್ನು ತಂದೆಯವರು ಹೇಳುತ್ತಿದ್ದರು. ಬಾವಿಯಾದ ಮೇಲೆ ಒಮ್ಮೆಯೂ ಒಳಗಿಳಿದವರಲ್ಲ. "ಯಾರರ ಚಪ್ಪಲಿ ಕಾಯಬೇಕಲ್ಲ, ನೀವು ಹೋಗಿಬರ್ರಿ" ಎಂದು ದಂಡೆಯಲ್ಲಿಯೇ ಕೊಡೆಯೂರಿ ನಿಲ್ಲುವರು. ಕಾಲೇಜು ಓದುತ್ತಿದ್ದ ವರ್ಷ ನಾವು ನಾಲ್ಕು ಜನರೆದುರು ಸಿಡುಕಿ, "ನಿಮಗೆ ಬಸವಣ್ಣನವರಿಗಿಂತ ಚಪ್ಪಲಿ ದೊಡ್ಡವು" ಎಂದುಬಿಟ್ಟೆವು. ಅವರು ನಕ್ಕು, "ಬಸವಣ್ಣ ಎಲ್ಲೂ ಹೋಗೂದಿಲ್ಲಪಾ, ಚಪ್ಪಲಿ ಹೊಸಾವು" ಎಂದರು. ನಗೆ ಎಂದಿನಂತಿರಲಿಲ್ಲ. ನಾವು ಕ್ಷಮೆ ಕೇಳಲಿಲ್ಲ. ಆ ವರ್ಷವೂ ಇಲ್ಲ, ಮುಂದೆಯೂ ಇಲ್ಲ.

ಈ ಸಲ ಅದೇ ಜಾಗದಲ್ಲಿ ನಿಂತಾಗ ಆ ಮಾತನ್ನು ಕಾಕಾ ಅವರಿಗೆ ಹೇಳಿಕೊಂಡೆವು. ಅವರು ಬಹಳ ಹೊತ್ತು ಹೊಳೆಯನ್ನೇ ನೋಡಿದರು.

"ನಿಮ್ಮಪ್ಪಗ ನೀರಂದ್ರ ಅಂಜಿಕಿ ಇತ್ತು. ಸಣ್ಣಾವಿದ್ದಾಗ ಘಟಪ್ರಭಾದಾಗ ಮುಳುಗಿದ್ದ, ಕೂದಲಾ ಹಿಡದು ಎಳದಾವ ನಾನು. ಅವತ್ತಿನಿಂದ ಮೊಣಕಾಲ ಮಟಾ ಸೈತ ನೀರಿಗಿಳಿದಾವಲ್ಲ. ಸಾಲಿ ಮಾಸ್ತರ ಅಂಜಬುರಕ ಅಂತ ಹುಡುಗರಿಗೆ ಹೇಳಬ್ಯಾಡಂತ ನನ್ನ ಕಡೆ ಆಣಿ ಮಾಡಿಸಿದ್ದ. ಈಗ ಆಣಿ ಮುರದೆ, ನೋಡೋಣು, ಅಂವ ಬಂದು ಬೈಲಿ."

ತಾಯಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಕಣ್ಣು ತುಂಬಿತ್ತು. "ನನಗ ಮದಿವ್ಯಾದ ವರ್ಷನ ಗೊತ್ತಾಗಿತ್ತು. ಬಾವಿ ತುಂಬಿದ್ರ ನೀರು ಸೇದಾಕ ನನ್ನ ಮುಂದ ಮಾಡತಿದ್ರು. ಕೇಳಿದ್ರ, 'ಮಾಸ್ತರ ಕೈ ಖಡುಗಾಗಿ ಕೂಸು ಅಕ್ಷರ ತಿದ್ದೂದಿಲ್ಲ' ಅನ್ನಾವ್ರು."

ಕಾಕಾ ನಮ್ಮೆಲ್ಲರ ಚಪ್ಪಲಿಗಳನ್ನು ಸಾಲಾಗಿ ಇರಿಸಿ, ತಂದೆಯವರ ಕೊಡೆಯನ್ನು ತೆಗೆದುಕೊಂಡು, "ವೈನಿ, ನೀವು ಇಳೀರಿ, ನಾ ಇಲ್ಲೇ ಇರತೇನಿ" ಎಂದರು. ಇಳಿದೆವು. ವಿಭೂತಿ ಧರಿಸಿ, ಐಕ್ಯಲಿಂಗದ ಮುಂದೆ ಕುಳಿತೆವು. ಇಷ್ಟೊಂದು ನೀರಿನ ನಡುವೆ, ಪ್ರತಿ ಶ್ರಾವಣವೂ ದಂಡೆಯವರೆಗೆ ನಡೆದು ಬರುತ್ತಿದ್ದರಲ್ಲ ಎಂಬುದೊಂದೇ ಮನಸ್ಸಿನಲ್ಲಿತ್ತು. ಕೇಳದೆ ಉಳಿದಿದ್ದ ಕ್ಷಮೆಯನ್ನು ಅಲ್ಲಿ ಕೇಳಿಕೊಂಡೆವು.

ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ ಹೊರಗೆ ಬಂದಾಗ ತಾಯಿಯವರು, "ತಂಗಡಗಿ ನೋಡಿ ಹೋಗೋಣು" ಎಂದರು. ಕೃಷ್ಣೆಯ ಆಚೆಯ ದಂಡೆಯ ತಂಗಡಗಿ ನೀಲಾಂಬಿಕೆ ತಾಯಿಯವರು ಐಕ್ಯರಾದ ಸ್ಥಳ. ಬಸವಣ್ಣನವರ ಕರೆಯಂತೆ ಸಂಗಮಕ್ಕೆ ಹೊರಟು, ಅವರು ಐಕ್ಯರಾದ ವಾರ್ತೆ ಕೇಳಿ ಆ ದಂಡೆಯಲ್ಲಿಯೇ ಲಿಂಗದಲ್ಲಿ ಬೆರೆದರೆಂಬುದು ಪರಂಪರೆಯ ನಂಬಿಗೆ. ಅಲ್ಲಿಗೆ ಹೋಗಲು ಹೊಳೆ ದಾಟಬೇಕು. ತಾಯಿಯವರು ಕೇಳಿದಾಗಲೆಲ್ಲ ತಂದೆಯವರು "ಮುಂದಿನ ವರ್ಷ" ಎನ್ನುತ್ತಿದ್ದರು. ಏಕೆಂಬುದು ಈಗ ತಿಳಿಯಿತು.

ಹುನಗುಂದಕ್ಕೆ ಮರಳಿ ಮುದ್ದೇಬಿಹಾಳದ ಬಸ್ಸು ಹತ್ತಿದೆವು. ಸೇತುವೆ ಬಂದಾಗ ತಾಯಿಯವರು ಕಿಟಕಿಯ ಬದಿಗೆ ಸರಿದು ಕೂತರು. ಕೆಳಗೆ ಕೆಂಪು ನೀರು ಸುಳಿ ತಿರುಗುತ್ತಿತ್ತು. 2023ರಿಂದ ಸಾರಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತವಾದ್ದರಿಂದ ಅವರ ಕೈಗೆ ಬಂದದ್ದು ಶೂನ್ಯದ ಟಿಕೀಟು. ಅದನ್ನು ಮಡಚಿ ನಮಗೆ ಕೊಟ್ಟು, "ವಹಿಯೊಳಗ ಬರಿ, ಇಲ್ಲಂದ್ರ ಅವ್ರಿಗೆ ಲೆಕ್ಕಾ ಕೂಡೂದಿಲ್ಲ" ಎಂದರು.

ತಂದೆಯವರ ಕೊನೆಯ ಬರಹದ ಕೆಳಗೆ ಬರೆದೆವು: ಹುನಗುಂದ–ತಂಗಡಗಿ, ಅವ್ವ, 0.