ಒಂದು ವರ್ಷದ ಬೆಲೆ

ಪರೀಕ್ಷೆಯಲ್ಲಿ ಹಿಂದುಳಿಯುವುದು ದೋಷವಲ್ಲ. ಹಿಂದುಳಿದುದನ್ನು ಮುಚ್ಚಲು ಸುಳ್ಳನ್ನು ಆಶ್ರಯಿಸುವುದು ದೋಷ. ಈ ಮಾತನ್ನು ಎಲ್ಲರೂ ಬಲ್ಲರು. ಆದರೆ ಬಲ್ಲ ಮಾತೇ ಮನೆಯ ಹೊಸ್ತಿಲಿಗೆ ಬಂದು ನಿಂತಾಗ ಪಾಲಿಸುವುದು ಎಷ್ಟು ಕಷ್ಟವೆಂಬುದನ್ನು ನಾನು ಅರಿತದ್ದು ಐವತ್ತು ದಾಟಿದ ಮೇಲೆ, ಅದೂ ನನ್ನ ಮಗಳಿಂದ. ಆ ಸಂಗತಿಯನ್ನು ಸಂಕೋಚದಿಂದಲೇ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇನೆ.

ನಮ್ಮ ಮನೆ ಕಪನೂರಿನಲ್ಲಿ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ರಸ್ತೆಯಲ್ಲಿರುವ ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ನಾನು ತೊಗರಿ ಬೇಳೆಯ ಮಿಲ್ಲೊಂದರ ಲೆಕ್ಕ ಬರೆಯುವವನು. ಅದೇ ರಸ್ತೆ ಹಿಡಿದು ಮುಂದೆ ಹೋದರೆ ಕಮಲಾಪುರ. ನಗರ ಎಲ್ಲಿ ಮುಗಿಯಿತು, ಹಳ್ಳಿ ಎಲ್ಲಿ ಆರಂಭವಾಯಿತು ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ಕಾಗದದಲ್ಲಿ ಮಾತ್ರ ತಿಳಿಯುತ್ತದೆ. ಆ ಕಾಗದದ ಗೆರೆಯೇ ಮುಂದೆ ನನ್ನ ಪರೀಕ್ಷೆಯಾಯಿತು.

2021ರಲ್ಲಿ ನನ್ನ ತಾಯಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಹಾಸಿಗೆ ಹಿಡಿದ ಅವರ ಸೇವೆಯನ್ನು ಯಾರೂ ಹೇಳದೆಯೇ ಕೈಗೆತ್ತಿಕೊಂಡವಳು ಆಗ ಹೈಸ್ಕೂಲಿನಲ್ಲಿದ್ದ ನನ್ನ ಮಗಳು. ಬೆನ್ನಿಗೆ ಹುಣ್ಣಾಗಬಾರದೆಂದು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕೆಂದು ವೈದ್ಯರು ಹೇಳಿದ್ದರು. ಹಗಲಿನ ಪಾಳಿ ನನ್ನ ಹೆಂಡತಿಯದು, ರಾತ್ರಿಯದು ಬಹುಪಾಲು ಮಗಳದು. ಗೋಡೆಗೆ ತೂಗಹಾಕಿದ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಷ್ಟು ಗಂಟೆಗೆ ಯಾವ ಮಗ್ಗುಲು ಎಂದು ಬರೆದಿಡುತ್ತಿದ್ದಳು. ಎರಡು ವರ್ಷ ಮಲಗಿದ್ದ ತಾಯಿ ಹೋದಾಗ ಅವರ ಮೈಮೇಲೆ ಒಂದು ಹುಣ್ಣೂ ಇರಲಿಲ್ಲ. ರೋಗಿಗಳ ಸೇವೆಯನ್ನು ವೈಯಾವೃತ್ಯವೆಂದು ಕರೆದು ಅಂತರಂಗದ ತಪಸ್ಸುಗಳಲ್ಲಿ ಸೇರಿಸಿದ ಹಿರಿಯರ ಅಭಿಪ್ರಾಯ ನನಗೆ ಆಗ ಅರ್ಥವಾಯಿತು. ಮಗಳು ನರ್ಸ್ ಆಗುತ್ತೇನೆಂದಾಗ ಮನೆಯಲ್ಲಿ ಯಾರೂ ಆಶ್ಚರ್ಯಪಡಲಿಲ್ಲ.

ಆದರೆ ಅವಳು ಪರೀಕ್ಷೆಗೆ ಹುಟ್ಟಿದವಳಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿ.ಯು.ಸಿ.ಯಲ್ಲಿ ಒಮ್ಮೆಲೇ ಇಂಗ್ಲಿಷಿನಲ್ಲಿ ವಿಜ್ಞಾನ ಕಲಿತವಳು. ಹೃದಯದಲ್ಲಿ ರಕ್ತ ಹೇಗೆ ಹರಿಯುತ್ತದೆಂದು ಕೇಳಿದರೆ ಚಿತ್ರ ಬಿಡಿಸಿ ವಿವರಿಸುತ್ತಿದ್ದಳು. ಅದನ್ನೇ ನಾಲ್ಕು ಉತ್ತರಗಳ ನಡುವೆ ಇಟ್ಟು ಗಡಿಯಾರ ತೋರಿಸಿದರೆ ಕೈ ನಡುಗುತ್ತಿತ್ತು. ಸರಿಯಾದ ಉತ್ತರವನ್ನು ಗುರುತಿಸಿ, ಸಂಶಯಪಟ್ಟು, ಹೊತ್ತು ಕಳೆದು, ಕೊನೆಯ ಹತ್ತು ಪ್ರಶ್ನೆಗಳನ್ನು ಮುಟ್ಟದೆಯೇ ಎದ್ದು ಬರುತ್ತಿದ್ದಳು.

ಹಿಂದೆ ಪಿ.ಯು.ಸಿ. ಅಂಕಗಳ ಮೇಲೆಯೇ ನರ್ಸಿಂಗ್ ಕಾಲೇಜು ಸೇರುವವರು ಬಹಳವಿದ್ದರು. ಈಚೆಗೆ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಪದವಿಗೂ ಸಾಮಾನ್ಯ ಪ್ರವೇಶ ಪರೀಕ್ಷೆಯೇ ದಾರಿ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ಸರ್ಕಾರಿ ಸೀಟುಗಳು ಕೆಲವೇ, ಕೇಳುವವರು ಅನೇಕರು.

ಅವಳಿಗೆ ನ್ಯಾಯವಾಗಿ ಸಲ್ಲುವ ಎರಡು ಆಸರೆಗಳಿದ್ದವು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಂತೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇಕಡಾ 70ರಷ್ಟು ಸೀಟುಗಳು ಇಲ್ಲಿಯವರಿಗೇ ಮೀಸಲು. ಕನ್ನಡ ಮಾಧ್ಯಮದವರಿಗೆ ಶೇಕಡಾ 5. ಮೂರನೆಯದೊಂದಿತ್ತು: ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15. ಅದು ಅವಳದಾಗಿರಲಿಲ್ಲ. ಅವಳು ಓದಿದ ಶಾಲೆ ನಗರದ ಎಲ್ಲೆಯ ಒಳಗಿತ್ತು.

2024ರ ಆರಂಭದಲ್ಲಿ, ಅರ್ಜಿ ತುಂಬುವ ದಿನಗಳಲ್ಲಿ, ಪರಿಚಿತರೊಬ್ಬರು ಮಿಲ್ಲಿಗೆ ಬಂದು ನನ್ನನ್ನು ಹೊರಗೆ ಕರೆದರು. ಕಮಲಾಪುರದ ಕಡೆಯ ಹಳ್ಳಿಶಾಲೆಯೊಂದರಲ್ಲಿ ಓದಿದಂತೆ ವ್ಯಾಸಂಗ ಪ್ರಮಾಣಪತ್ರ ಸಿದ್ಧಪಡಿಸಿ ಕೊಡುವುದಾಗಿಯೂ, ಮೇಲಿನ ಸಹಿಗಳ ಚಿಂತೆಯೂ ತಮ್ಮದೆಂದೂ ಹೇಳಿದರು. "ನಾಲ್ಕು ಕಿಲೋಮೀಟರಿನ ಮಾತು, ಯಾರು ಅಳೆಯುತ್ತಾರೆ?" ಎಂದರು.

ನಾನು ಒಪ್ಪಿಕೊಂಡೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಸತ್ಯ. ಇಪ್ಪತ್ತೆಂಟು ವರ್ಷ ಕಿರ್ದಿ ಖಾತೆಗಳಲ್ಲಿ ಒಂದು ಅಂಕಿಯನ್ನೂ ತಿದ್ದದ ನಾನು, ಮುಂಗಡವಾಗಿ ಸ್ವಲ್ಪ ಹಣವನ್ನೂ ಕೊಟ್ಟು ಬಂದೆ. ಅಜ್ಜಿಯನ್ನು ಅಷ್ಟು ನೋಡಿಕೊಂಡ ಹುಡುಗಿಗೆ ಇಷ್ಟು ನೆರವು ಅನ್ಯಾಯವಲ್ಲವೆಂದು ಮನಸ್ಸು ವಾದಿಸುತ್ತಿತ್ತು. ಒಳ್ಳೆಯ ಕಾರಣವನ್ನು ಮುಂದಿಟ್ಟುಕೊಂಡು ಬರುವ ಅಸತ್ಯವೇ ಹೆಚ್ಚು ಅಪಾಯಕಾರಿ ಎಂದು ಈಗ ತಿಳಿಯುತ್ತದೆ.

ರಾತ್ರಿ ಊಟವಾದ ಮೇಲೆ ಆ ಕಾಗದದ ಕರಡನ್ನು ಮಗಳ ಮುಂದಿಟ್ಟೆ. ಅವಳು ಎರಡು ಬಾರಿ ಓದಿದಳು.

"ಅಪ್ಪಾ, ಇದು ನನ್ನ ಸಾಲಿ ಅಲ್ರಿ."

"ಗೊತ್ತದವ್ವಾ. ಬರೇ ಕಾಗದಕ್ಕ."

"ನಾಳೆ ದವಾಖಾನ್ಯಾಗ ಮಂದಿ ಜ್ವರಾ, ನಾಡಿ ಬರಿಯಾಕಿ ನಾ. ಸುಳ್ಳ ಬರದು ಒಳಗ ಹೋದ್ರ, ಅಲ್ಲಿ ಖರೇ ಬರಿತೀನಂತ ನೀವರೆ ಹ್ಯಾಂಗ ನಂಬ್ತೀರಿ? ಆ ಸೀಟು ಖರೇನ ಹಳ್ಳ್ಯಾಗ ಓದಿದಾಕಿದು."

ನನಗೆ ಸಿಟ್ಟು ಬಂತು. ಎದ್ದು ಹೊರಗೆ ಹೋಗಿ ಬಹಳ ಹೊತ್ತು ಕಟ್ಟೆಯ ಮೇಲೆ ಕುಳಿತೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ದಸ್ತಾವೇಜನ್ನು ಸೃಷ್ಟಿಸುವುದು, ಒಂದೆಂದು ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದೆ. ಮಗಳು ಆ ಹೆಸರನ್ನು ಬಲ್ಲವಳಲ್ಲ. ನಾನು ಹೆಸರನ್ನು ಮಾತ್ರ ಬಲ್ಲವನು. ಮರುದಿನ ಹೋಗಿ ಬೇಡವೆಂದು ಹೇಳಿ ಬಂದೆ. ಮುಂಗಡದ ಹಣ ಹಿಂದಿರುಗಲಿಲ್ಲ. ಕೇಳುವ ನೈತಿಕ ಬಲವೂ ನನಗಿರಲಿಲ್ಲ.

ಉಳಿದ ದಿನಗಳಲ್ಲಿ ಅವಳೊಡನೆ ನಾನೂ ಕುಳಿತೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದು, ಪರೀಕ್ಷೆಯ ಹೊತ್ತಿಗೇ, ಬೆಳಿಗ್ಗೆ ಹತ್ತೂವರೆಗೆ, ಗಡಿಯಾರ ಇಟ್ಟು ಬರೆಯಿಸಿದೆ. ಮೊದಲ ಸುತ್ತಿನಲ್ಲಿ ಬಲ್ಲವನ್ನು ಮಾತ್ರ ಗುರುತಿಸುವುದು, ಎರಡನೆಯ ಸುತ್ತಿನಲ್ಲಿ ಸಂಶಯದವು. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡದಿರುವುದು. ಮುಟ್ಟದೆ ಬಿಡುತ್ತಿದ್ದ ಪ್ರಶ್ನೆಗಳು ಹತ್ತರಿಂದ ಮೂರಕ್ಕೆ ಇಳಿದವು. ಭಯ ಪೂರ್ತಿ ಹೋಗಲಿಲ್ಲ, ಆದರೆ ಅದರೊಡನೆ ಬರೆಯುವುದನ್ನು ಅವಳು ಕಲಿತಳು.

ಏಪ್ರಿಲ್ 18ರಂದು ಜೀವಶಾಸ್ತ್ರ ಬರೆದು ಅಳುತ್ತ ಬಂದಳು. ಎಂದೂ ಓದಿರದ ಪ್ರಶ್ನೆಗಳು ಬಂದಿದ್ದವೆಂದೂ, ತನ್ನ ದಡ್ಡತನವೇ ಕಾರಣವೆಂದೂ ಅವಳ ನಂಬಿಕೆ. ಆ ವರ್ಷ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದದ್ದು ನಿಜವೆಂದು ತಜ್ಞರು ಕಂಡುಕೊಂಡು, ಎಲ್ಲ ವಿಷಯಗಳೂ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರೆಂಬುದು ನಿಮಗೆ ನೆನಪಿರಬಹುದು. ಪರೀಕ್ಷೆಗೆ ಅಂಜುವ ಮಕ್ಕಳು ಪರೀಕ್ಷೆಯ ತಪ್ಪನ್ನೂ ತಮ್ಮ ತಪ್ಪೆಂದೇ ಎಣಿಸುತ್ತಾರೆ. ತಂದೆತಾಯಿಗಳು ಇದನ್ನು ಅರಿಯಬೇಕು.

ಫಲಿತಾಂಶ ಬಂದಾಗ ಸರ್ಕಾರಿ ಸೀಟಿಗೆ ಸಾಲುವ ಕ್ರಮಾಂಕ ಅವಳಿಗೆ ಸಿಗಲಿಲ್ಲ. ಖಾಸಗಿ ಕಾಲೇಜಿನ ವೆಚ್ಚ ನನ್ನ ಶಕ್ತಿಗೆ ಮೀರಿದ್ದು. ಪಿ.ಯು.ಸಿ. ಅಂಕಗಳ ಮೇಲೆ ಪ್ರವೇಶ ಸಿಗುವ ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾಕ್ಕೆ ಸೇರಿದಳು. ಅದು ಮುಗಿದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿದರೆ ಪದವಿ. ನಾಲ್ಕರ ಬದಲು ಐದು. ಸತ್ಯಕ್ಕೆ ಅವಳು ತೆತ್ತ ಬೆಲೆ ಒಂದು ವರ್ಷ.

ಕಳೆದ ಸಲ ರಜೆಗೆ ಬಂದಾಗ ಒಂದು ಸಂಗತಿ ಹೇಳಿದಳು. ವಾರ್ಡಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಬ್ಬ ರೋಗಿಯ ನಾಡಿ ನೋಡುವುದನ್ನು ಮರೆತಿದ್ದಳಂತೆ. ಬೆಳಗಿನ ಅಂಕಿಯನ್ನೇ ಬರೆದುಬಿಡೆಂದು ಗೆಳತಿಯೊಬ್ಬಳು ಸೂಚಿಸಿದಳು. ಇವಳು ಆ ಮನೆಯನ್ನು ಖಾಲಿ ಬಿಟ್ಟು, ಹಿರಿಯ ಸಿಸ್ಟರ್ ಬಳಿ ಹೋಗಿ ತಪ್ಪೊಪ್ಪಿಕೊಂಡು, ಎಲ್ಲರೆದುರು ಬೈಸಿಕೊಂಡಳು. ಅವರು ಕೂಡಲೇ ನಾಡಿ ನೋಡಿಸಿದರು. ಅದು ಬೆಳಗಿನಂತೆ ಇರಲಿಲ್ಲ. ವೈದ್ಯರನ್ನು ಕರೆಯಬೇಕಾಯಿತು.

ಪ್ರವೇಶ ಪರೀಕ್ಷೆಯೇ ವ್ಯರ್ಥವೆಂದು ನಾನು ಹೇಳುವುದಿಲ್ಲ. ನರ್ಸಿಗೂ ವೇಗ ಬೇಕು. ಮಿಲಿಲೀಟರಿಗೆ 20 ಹನಿ ಬೀಳುವ ನಳಿಕೆಯಲ್ಲಿ 500 ಮಿಲಿಲೀಟರ್ ದ್ರವ ನಾಲ್ಕು ತಾಸಿನಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ ಎಂದು ಈಗ ಅವಳು ಥಟ್ಟನೆ ಹೇಳುತ್ತಾಳೆ; ದಿನನಿತ್ಯದ ಅಭ್ಯಾಸದಿಂದ ಬಂದ ವೇಗ ಅದು. ಆದರೆ ಮರೆತ ನಾಡಿಯ ಮನೆಯನ್ನು ಖಾಲಿ ಬಿಡುವ ಧೈರ್ಯವನ್ನು ಅಳೆಯುವ ಪ್ರಶ್ನೆಪತ್ರಿಕೆ ಇನ್ನೂ ಬಂದಿಲ್ಲ.

ನಮ್ಮ ಬಸದಿಗಳ ಟ್ರಸ್ಟುಗಳು ವಿದ್ಯಾರ್ಥಿವೇತನ ಕೊಡುವಾಗ ಶೇಕಡಾವಾರು ಅಂಕಗಳನ್ನು ನೋಡುತ್ತವೆ. ನೋಡಲಿ. ಜೊತೆಗೆ, ಉದ್ದದ ದಾರಿ ಹಿಡಿದು ನಿಧಾನವಾಗಿ ಬರುತ್ತಿರುವ ಮಕ್ಕಳಿಗಾಗಿಯೂ ಒಂದಿಷ್ಟು ತೆಗೆದಿಡಬೇಕೆಂದು ನನ್ನ ವಿನಂತಿ. ಆ ಹೆಚ್ಚಿನ ಒಂದು ವರ್ಷದ ಶುಲ್ಕ ಬಡ ಮನೆಗೆ ಸಣ್ಣದಲ್ಲ. ಅದು ಸಿಗುವ ಭರವಸೆಯಿದ್ದರೆ ಎಷ್ಟೋ ತಂದೆಯರು, ನನ್ನಂತೆ, ಮಿಲ್ಲಿನ ಹೊರಗೆ ನಿಂತು ತಲೆಯಾಡಿಸಬೇಕಾಗಿ ಬರುವುದಿಲ್ಲ.