ಎಡಗಾಲಿಗೆ ಕೆಲಸ ಇಲ್ಲದ ಗಾಡಿ

ನಮ್ಮಪ್ಪನನ್ನು ಪಕ್ಕದ ಸೀಟಿನಲ್ಲಿ ಕೂಡಿಸಿಕೊಂಡು ಕಾರು ಓಡಿಸೋದು ಅಂದ್ರೆ ಇಬ್ಬರು ಡ್ರೈವರ್‌ಗಳು ಸೇರಿ ಒಂದೇ ಗಾಡಿ ಓಡಿಸಿದ ಹಾಗೆ. ನಾನು ಕ್ಲಚ್ ಒತ್ತುವುದಕ್ಕಿಂತ ಅರ್ಧ ಸೆಕೆಂಡ್ ಮೊದಲೇ ಅವನ ಎಡಗಾಲು ಕೆಳಗಿನ ಮ್ಯಾಟನ್ನು ಒತ್ತಿರುತ್ತದೆ. ನಾನು ಗೇರ್ ಹಾಕುವುದು ತಡವಾದರೆ ಬಾಯಿಂದ ಏನೂ ಅನ್ನೋದಿಲ್ಲ, ಒಂದು ಸಲ ಕೆಮ್ಮುತ್ತಾನೆ. ಆ ಕೆಮ್ಮಿಗೆ ‘ಮೂರಕ್ಕ ಬಾ’ ಅಂತ ಅರ್ಥ. ಮೂವತ್ತೊಂದು ವರ್ಷ ಸಿಂಧನೂರಿನ ರೈಸ್ ಮಿಲ್ಲೊಂದರ ಲಾರಿ ಓಡಿಸಿದ ಮನುಷ್ಯ ಆತ. ಕಾಲು ಸುಮ್ಮನೆ ಕೂತಿರು ಅಂದ್ರೆ ಹೇಗೆ ಕೂತೀತು?

ನಮ್ಮ ಊರಿನ ಕಡೆ ಗೊತ್ತಿಲ್ಲದವರಿಗೆ ಒಂದು ಮಾತು. ಸಿಂಧನೂರು ರಾಯಚೂರು ಜಿಲ್ಲೆಯಲ್ಲಿದ್ದರೂ ನೀವು ಅಂದುಕೊಂಡ ಹಾಗೆ ಬರೀ ಬಿಸಿಲಿನ ಊರಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಎರೆ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಬೆಂಗಳೂರಿನ ನಿಮ್ಮ ಮನೆಯ ಡಬ್ಬಿಯಲ್ಲಿರುವ ಸೋನಾ ಮಸೂರಿಯಲ್ಲಿ ಒಂದು ಹಿಡಿಯಾದರೂ ನಮ್ಮ ಕಡೆಯದ್ದು ಇರಬಹುದು. ಭತ್ತ ಇದ್ದಲ್ಲಿ ಟ್ರ್ಯಾಕ್ಟರ್, ಮಿಲ್ಲು, ಲಾರಿ ಎಲ್ಲ ಇರಲೇಬೇಕು. ನಮ್ಮಲ್ಲಿ ಹುಡುಗರು ಸೈಕಲ್ ಕಲಿತ ಮೇಲೆ ಸೀದಾ ಟ್ರ್ಯಾಕ್ಟರ್ ಹತ್ತುತ್ತಾರೆ. ಗೇರ್ ಇಲ್ಲದ ಗಾಡಿ ಅಂದ್ರೆ ಹೆಣ್ಣುಮಕ್ಕಳ ಸ್ಕೂಟಿ ಅನ್ನೋ ಅಹಂಕಾರದಲ್ಲೇ ಬೆಳೆದವರು ನಾವು. ನನಗೂ ಆ ಅಹಂಕಾರ ಸಾಕಷ್ಟಿತ್ತು. ‘ಗೇರ್ ಹಾಕದೇ ಓಡಿಸೋದು, ಒಗ್ಗರಣೆ ಹಾಕದೇ ಸಾರು ಉಂಡ ಹಾಗೆ’ ಅಂತ ಹಿಂದೊಮ್ಮೆ ಬರೆದು, ಗೆಳೆಯರಿಂದ ಶಹಬ್ಬಾಸ್‌ಗಿರಿಯನ್ನೂ ತಗೊಂಡಿದ್ದೆ.

ಆಮೇಲೆ ಅಪ್ಪನ ಮೊಣಕಾಲು ಬಂತು.

ಬಂತು ಅಂದ್ರೆ, ಮೊದಲಿನಿಂದಲೂ ಇತ್ತು, ಅವನು ಹೇಳಿರಲಿಲ್ಲ. ಒಂದು ದಿನ ನನ್ನ ಹಳೆಯ ಕಾರು ತಗೊಂಡು ಮಾರ್ಕೆಟ್ಟಿಗೆ ಹೋದವನು ಗಾಂಧಿ ಸರ್ಕಲ್‌ನ ಗದ್ದಲದಲ್ಲಿ ನಿಂತುಬಿಟ್ಟ. ಹಿಂದಿನವರು ಹಾರ್ನ್ ಹೊಡೆದರೂ ಗಾಡಿ ಹೊರಡಲಿಲ್ಲ. ಕ್ಲಚ್ ಒತ್ತೋಕೆ ಎಡಗಾಲು ಏಳಲೇ ಇಲ್ಲವಂತೆ. ಯಾರೋ ಪರಿಚಯದ ಹುಡುಗ ಗಾಡಿಯನ್ನು ಮನೆಗೆ ತಂದು ಬಿಟ್ಟ. ಅಪ್ಪ ಅದರ ಹಿಂದೆ ಆಟೋದಲ್ಲಿ ಬಂದ. ಲಾರಿ ಓಡಿಸಿದವನು ಆಟೋದ ಹಿಂದಿನ ಸೀಟಿನಿಂದ ಇಳಿಯುವಾಗ ಮುಖ ಹೇಗಿತ್ತು ಅಂತ ನಾನು ಬರೆಯೋದಿಲ್ಲ.

ಡಾಕ್ಟರ್ ಎಕ್ಸ್‌ರೇ ನೋಡಿ, ಮೊಣಕಾಲಿನ ಮೆತ್ತೆ ಸವೆದಿದೆ ಅಂದರು. ವಯಸ್ಸು, ತೂಕ, ದುಡಿಮೆ, ಎಲ್ಲಾ ಕಾರಣ ಹೇಳಿದರು. ‘ಕ್ಲಚ್ ಇರೋ ಗಾಡಿ ಇನ್ನು ಬೇಡ’ ಅಂತ ಕೊನೆಗೆ ಸೇರಿಸಿದರು. ಅಪ್ಪನ ಕಿವಿಗೆ ಬಿದ್ದದ್ದು ಅದೊಂದೇ ಮಾತು.

ಆ ವಾರ ನಾನು ಲಿಂಗಸುಗೂರಿಗೆ ತಂಗಿಯ ಮನೆಗೆ ಒಬ್ಬನೇ ಹೋಗಿದ್ದೆ. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ಎರಡೂ ಸೇರಿ ಹತ್ತಿರ ಹತ್ತಿರ 55 ಕಿಲೋಮೀಟರ್. ಯಾಕೋ ಎಣಿಸಬೇಕು ಅನ್ನಿಸಿತು. ರಸ್ತೆ ಮೇಲೆ ಒಣಗಲು ಹರವಿದ ಭತ್ತ, ಕುರಿ ಹಿಂಡು, ಕೇಜ್ ವ್ಹೀಲ್ ಕಟ್ಟಿಕೊಂಡೇ ಡಾಂಬರಿನ ಮೇಲೆ ಬಂದ ಟ್ರ್ಯಾಕ್ಟರ್, ಊರಿಗೊಂದು ಹಂಪು. ಎಲ್ಲದಕ್ಕೂ ಕ್ಲಚ್. ಲಿಂಗಸುಗೂರು ಬಸ್ ಸ್ಟ್ಯಾಂಡ್ ಮುಟ್ಟುವಾಗ 187 ಆಗಿತ್ತು. ನನ್ನದು ಕಾರು, ಕ್ಲಚ್ಚು ಬೆಣ್ಣೆಯ ಹಾಗೆ. ಅಪ್ಪನದು ಲೋಡ್ ಲಾರಿ. ಹಳೇ ಲಾರಿಗಳಲ್ಲಿ ಗೇರ್ ಇಳಿಸುವಾಗ ಡಬಲ್ ಕ್ಲಚ್ ಬೇರೆ ಹಾಕಬೇಕಿತ್ತು. ಒಮ್ಮೆ ಒತ್ತಿ ನ್ಯೂಟ್ರಲ್‌ಗೆ ತಂದು, ಬಿಟ್ಟು, ಎಂಜಿನ್ನಿಗೆ ಸ್ವಲ್ಪ ರೇಸ್ ಕೊಟ್ಟು, ಮತ್ತೆ ಒತ್ತಿ ಗೇರ್ ಹಾಕೋದು. ಗೇರಿನ ಹಲ್ಲುಗಳ ವೇಗ ಒಂದಕ್ಕೊಂದು ಹೊಂದದಿದ್ದರೆ ‘ಕರ್ರ್’ ಅನ್ನುತ್ತದಲ್ಲ, ಅದು ಆಗಬಾರದು ಅಂತ. ಇಂಥ ರಸ್ತೆಯನ್ನು ಆತ ಮೂವತ್ತೊಂದು ವರ್ಷ ತುಳಿದಿದ್ದ. ಗುಣಾಕಾರ ಮಾಡೋಕೆ ಹೋಗಿ ನಾನು ಅರ್ಧಕ್ಕೇ ಬಿಟ್ಟೆ. ನಾನು ‘ಡ್ರೈವಿಂಗಿನ ಮಜಾ’ ಅಂತ ಬರೆದದ್ದು ಅವನ ಕಾಲಿಗೆ ಕೂಲಿಯಾಗಿತ್ತು.

ಆಟೋಮ್ಯಾಟಿಕ್ ಗಾಡಿ ತರೋಣ ಅಂತ ತೀರ್ಮಾನಿಸಿದೆ. ಇದೇನೂ ಹೊಸ ಸಂಗತಿಯಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1939ರಲ್ಲೇ ಹೈಡ್ರಾಮ್ಯಾಟಿಕ್ ಅನ್ನೋ ಗೇರ್‌ಬಾಕ್ಸನ್ನು ತನ್ನ ಓಲ್ಡ್ಸ್‌ಮೊಬೈಲ್ ಕಾರಿಗೆ ಕೊಟ್ಟಿತ್ತು. ನಮ್ಮಲ್ಲಿ ಮಾತ್ರ ಆಟೋಮ್ಯಾಟಿಕ್ ಅಂದ್ರೆ ಬಹಳ ಕಾಲ ಶ್ರೀಮಂತರ ಸೊತ್ತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಾಗ ಮಧ್ಯಮ ವರ್ಗದವರು ಕಾರು ಕಂಡರು, ಆದರೆ ಕ್ಲಚ್ ತುಳಿಯೋದು ತಪ್ಪಲಿಲ್ಲ. ಅದು ತಪ್ಪಿದ್ದು 2014ರಲ್ಲಿ, ಸೆಲೆರಿಯೋ ಕಾರಿನ ಜೊತೆ ಎಎಂಟಿ ಬಂದಾಗ. ಸಣ್ಣ ಕಾರು, ಸ್ವಲ್ಪವೇ ಹೆಚ್ಚು ದುಡ್ಡು, ಮೈಲೇಜೂ ಮ್ಯಾನ್ಯುವಲ್ಲಿನಷ್ಟೇ. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ನಾನು ತಂದದ್ದೂ ಅಂಥದ್ದೇ ಒಂದು, ಸೆಕೆಂಡ್ ಹ್ಯಾಂಡು.

ಅಪ್ಪ ಬಾಗಿಲು ತೆಗೆದು ಬಗ್ಗಿ ಕೆಳಗೆ ನೋಡಿದ. ಎರಡೇ ಪೆಡಲ್ಲು.

‘ಎಡಗಾಲು ಏನ್ ಮಾಡ್ಬೇಕಪ ಇದರಾಗ?’

‘ಏನೂ ಮಾಡಬಾರ್ದು. ಸುಮ್ನ ಇರಬೇಕು.’

‘ಸುಮ್ನ ಇರಾಕ ಗಾಡಿ ಯಾಕ ಬೇಕು? ಕಟ್ಟಿ ಮ್ಯಾಲ ಕುಂದರ್ತೀನಿ.’

ಒತ್ತಾಯ ಮಾಡಿ ಊರ ಹೊರಗಿನ ಖಾಲಿ ಬಯಲಿಗೆ ಕರೆದೊಯ್ದೆ. ಗಾಡಿ ಹೊರಟಿತು, ಇಪ್ಪತ್ತರ ವೇಗ ಬಂತು. ಗೇರ್ ಬದಲಿಸುವ ಹೊತ್ತು ಅಂತ ಅವನ ಕಿವಿಗೆ ಗೊತ್ತಾಯಿತು, ಎಡಗಾಲು ತಾನಾಗಿಯೇ ಎದ್ದು ಕ್ಲಚ್ ಇರಬೇಕಾದ ಕಡೆ ಬಲವಾಗಿ ಒತ್ತಿತು. ಅಲ್ಲಿ ಸಿಕ್ಕಿದ್ದು ಬ್ರೇಕ್ ಪೆಡಲ್ಲಿನ ತುದಿ. ಇಬ್ಬರ ಹಣೆಯೂ ಮುಂದೆ ಹೋಗಿ ಬಂತು. ಸೀಟ್ ಬೆಲ್ಟ್ ಇದ್ದದ್ದಕ್ಕೆ ಸರಿ ಹೋಯಿತು. ದೂರದಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರು ನಕ್ಕರು. ಅಪ್ಪ ಕೀಲಿ ತೆಗೆದು ನನ್ನ ಕೈಗೆ ಕೊಟ್ಟು, ‘ಸಾಕು, ನಡಿ’ ಅಂದ.

ಅಲ್ಲಿಂದ ನಾಲ್ಕು ತಿಂಗಳು ಅವನು ಆ ಕಾರಿನ ಸ್ಟೇರಿಂಗ್ ಮುಟ್ಟಲಿಲ್ಲ. ಮುಟ್ಟದಿದ್ದರೆ ಇರಲಿ, ಎಲ್ಲಿಗೂ ಹೋಗೋದನ್ನೇ ಬಿಟ್ಟ. ಬಸ್ಸಿನ ಮೆಟ್ಟಿಲು ಎತ್ತರ, ಕಾಲು ಏಳೋದಿಲ್ಲ. ‘ನನ್ನನ್ನ ಕರ್ಕೊಂಡ್ ಹೋಗು’ ಅಂತ ಮಗನನ್ನು ಕೇಳೋದು ಅವನ ಜಾಯಮಾನದಲ್ಲಿಲ್ಲ. ಮೊದಲೆಲ್ಲ ವಾರಕ್ಕೊಮ್ಮೆ ಯಾವುದಾದರೂ ನೆವ ಮಾಡಿ ಮೊಮ್ಮಗಳನ್ನು ನೋಡೋಕೆ ಲಿಂಗಸುಗೂರಿಗೆ ಹೋಗುತ್ತಿದ್ದವನು ಫೋನಿನಲ್ಲೇ ಮಾತು ಮುಗಿಸತೊಡಗಿದ. ‘ತಾತ ಯಾಕ ಬರಾಂಗಿಲ್ಲ?’ ಅಂತ ಆ ಹುಡುಗಿ ಕೇಳಿದ್ದು ನನಗೆ ಸ್ಪೀಕರಿನಲ್ಲಿ ಕೇಳಿಸಿತು. ಅಪ್ಪ ‘ಬರ್ತೀನಿ ಪುಟ್ಟಿ’ ಅಂತ ಹೇಳಿ ಫೋನ್ ಇಟ್ಟ. ಮಾತು ಕೊಟ್ಟು ತಪ್ಪುವ ಮನುಷ್ಯ ಅಲ್ಲ ಅವನು. ಹಾಗಾಗಿ ಆ ಸುಳ್ಳು ನನಗೆ ಚುಚ್ಚಿತು.

ಕೊನೆಗೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೊರಟೆವು. ಓಡಿಸಿದ್ದು ನಾನೇ. ಎಎಂಟಿ ಓಡಿಸಿದವರಿಗೆ ಗೊತ್ತಿರುತ್ತದೆ, ಅದರಲ್ಲಿ ಒಂದು ಚಾಳಿ ಇದೆ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುವಾಗ ನಡುವೆ ಎಂಜಿನ್ನಿನ ಎಳೆತ ಒಂದು ಕ್ಷಣ ತಪ್ಪಿ, ಕೂತವರ ತಲೆ ಕೋಲೆಬಸವನ ಹಾಗೆ ‘ಹೂಂ’ ಅನ್ನುತ್ತದೆ. ಸಿಂಧನೂರು ದಾಟುವಷ್ಟರಲ್ಲಿ ನಾವಿಬ್ಬರೂ ಸಾಕಷ್ಟು ಹೂಂ ಅಂದಾಗಿತ್ತು.

‘ಯಾಕಲೇ ಹಿಂಗ ಜಗ್ತೈತಿ?’ ಅಪ್ಪ ಕೇಳಿದ.

ನಾನು ಹೇಳಿದೆ. ದೊಡ್ಡ ಆಟೋಮ್ಯಾಟಿಕ್‌ಗಳಲ್ಲಿ ಕ್ಲಚ್ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ. ಎಣ್ಣೆಯೊಳಗೆ ಎದುರುಬದುರಾಗಿ ಎರಡು ಚಕ್ರ, ಒಂದು ತಿರುಗಿದರೆ ಎಣ್ಣೆಯ ರಭಸಕ್ಕೆ ಇನ್ನೊಂದೂ ತಿರುಗುತ್ತದೆ. ಇದರಲ್ಲಿ ಅದಿಲ್ಲ. ಇದರೊಳಗಿರೋದು ನಿನ್ನ ಲಾರಿಯಲ್ಲಿ ಇದ್ದಂಥದ್ದೇ ಗೇರ್‌ಬಾಕ್ಸು, ಅದೇ ಥರದ ಕ್ಲಚ್ ಪ್ಲೇಟು. ಅದನ್ನು ಒತ್ತೋಕೆ ನಿನ್ನ ಕಾಲಿನ ಬದಲು ಒಂದು ಯಂತ್ರ ಕೂಡಿಸಿದ್ದಾರೆ. ಯಾವಾಗ ಒತ್ತಬೇಕು ಅಂತ ಕಂಪ್ಯೂಟರ್ ಹೇಳುತ್ತದೆ.

ಅಪ್ಪ ಸುಮಾರು ಹೊತ್ತು ಸುಮ್ಮನಿದ್ದ. ಹೊರಗೆ ಕಟಾವಿಗೆ ಬಂದ ಭತ್ತ ಸರಿಯುತ್ತಿತ್ತು.

‘ಹಂಗಂದ್ರ ಇದರಾಗ ಕ್ಲಚ್ ಐತಿ.’

‘ಐತಿ.’

‘ಒತ್ತಾವ ಬ್ಯಾರೆ.’

‘ಹೌದು.’

‘ಆ ಒತ್ತಾವ ಇನ್ನಾ ಕಲ್ಯಾಕತ್ತಾನ ಬಿಡು’ ಅಂದು ಮೊದಲ ಸಲ ನಕ್ಕ.

ಮಸ್ಕಿಯಲ್ಲಿ ನಿಲ್ಲಿಸಿದೆವು. ಒಗ್ಗರಣಿ, ಮಿರ್ಚಿ, ಚಾ. ಮಸ್ಕಿ ಅಂದರೆ ನಿಮಗೆ ಶಾಲೆಯ ಪಾಠ ನೆನಪಾಗಬೇಕು. 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಚಿನ್ನ ಹುಡುಕಿಕೊಂಡು ಬಂದು ಇಲ್ಲಿ ಅಶೋಕನ ಶಾಸನವನ್ನು ಕಂಡ. ದೇವಾನಾಂಪಿಯ ಅಂದ್ರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಬಂಡೆ ಅದು. ಏನೋ ಹುಡುಕುವಾಗ ಇನ್ನೇನೋ ಸಿಗೋ ಊರು ಇದು. ಚಾ ಮುಗಿಸಿ ಬಂದರೆ ಅಪ್ಪ ಡ್ರೈವರ್ ಬಾಗಿಲ ಹತ್ತಿರ ನಿಂತಿದ್ದ. ಕೈ ಚಾಚಿದ. ನಾನು ಕೀಲಿ ಕೊಟ್ಟೆ.

ಎಡಗಾಲನ್ನು ಮಡಚಿ ಸೀಟಿನ ಬುಡಕ್ಕೆ ಒತ್ತಿ ಇಟ್ಟುಕೊಂಡ. ತುಂಟ ಕರುವನ್ನು ಗೂಟಕ್ಕೆ ಕಟ್ಟಿದ ಹಾಗೆ. ನನ್ನ ಜೀವ ಕೈಯಲ್ಲೇ ಇತ್ತು. ಮೊದಲ ಒಂದು ಮೈಲಿ ತಲೆ ಹೂಂ ಅಂದಿತು. ಆಮೇಲೆ ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ರಸ್ತೆ ಚೆನ್ನಾಗಿರಬೇಕು ಅಂದುಕೊಂಡೆ. ಇಲ್ಲ, ಮುಂದೆ ಹಂಪು ಬಂತು, ಗಾಡಿ ನಿಧಾನವಾಗಿ ಮತ್ತೆ ಒಂದು, ಎರಡು, ಮೂರು ಹತ್ತಿತು. ತಲೆ ಅಲ್ಲಾಡಲಿಲ್ಲ. ಬಗ್ಗಿ ಅವನ ಬಲಗಾಲು ನೋಡಿದೆ. ಎಂಜಿನ್ನಿನ ದನಿ ಏರಿ ಗೇರ್ ಬದಲಾಗುವ ಹೊತ್ತಿಗೆ ಸರಿಯಾಗಿ ಆಕ್ಸಿಲರೇಟರಿನಿಂದ ಕಾಲನ್ನು ಚೂರು ಎತ್ತುತ್ತಿದ್ದ, ಗೇರ್ ಕೂತ ಮೇಲೆ ಮತ್ತೆ ಮೆಲ್ಲಗೆ ಒತ್ತುತ್ತಿದ್ದ. ಕ್ಲಚ್ ಒತ್ತುವಾಗ ರೇಸ್ ಬಿಡಬೇಕು, ಡ್ರೈವಿಂಗ್ ಕಲಿತ ಮೊದಲ ದಿನದ ಪಾಠ. ‘ಒತ್ತಾವ ಬ್ಯಾರೆ’ ಆದರೂ ಒತ್ತುವಾಗ ರೇಸ್ ಬಿಟ್ಟುಕೊಟ್ಟರೆ ಅವನಿಗೂ ಹಗುರ ಅಂತ ಅಪ್ಪನ ಕಾಲಿಗೆ ಹೊಳೆದಿತ್ತು. ನಾಲ್ಕು ತಿಂಗಳಿಂದ ಅದೇ ಗಾಡಿ ಓಡಿಸುತ್ತಿದ್ದ ನನಗೆ ಹೊಳೆದಿರಲಿಲ್ಲ.

ಮಸ್ಕಿ ದಾಟಿದ ಮೇಲೆ ಭತ್ತ ಕಡಿಮೆಯಾಗಿ ಜೋಳ, ತೊಗರಿ, ಬಂಡೆಗಲ್ಲು ಶುರುವಾಗುತ್ತವೆ. ಒಂದು ಕಡೆ ಏರಿನಲ್ಲಿ ಲೋಡ್ ಟ್ರ್ಯಾಕ್ಟರ್ ಹಿಂದೆ ನಿಲ್ಲಬೇಕಾಯಿತು. ನಾನು ಅಂಥ ಕಡೆ ರೇಸ್ ಕೊಟ್ಟೇ ಗಾಡಿ ಹಿಡಿದಿಡುತ್ತಿದ್ದೆ. ಅಪ್ಪ ಹ್ಯಾಂಡ್ ಬ್ರೇಕ್ ಎಳೆದ. ‘ರೇಸ್ ಮ್ಯಾಲ ನಿಲ್ಲಿಸಿದ್ರ ಪ್ಲೇಟ್ ಸುಡ್ತಾವ. ಕಾಲು ಕಾಣಲಿಲ್ಲ ಅಂದ್ರ ಕ್ಲಚ್ ಇಲ್ಲ ಅಂತ ಅಲ್ಲಲೇ.’ ಹೊರಡುವಾಗ ಲಿವರನ್ನು ಮ್ಯಾನ್ಯುವಲ್ ಕಡೆ ತಳ್ಳಿ ಒಂದನೇ ಗೇರಿನಲ್ಲೇ ಹತ್ತಿಸಿದ. ಅಂಥದ್ದೊಂದು ಸೌಲಭ್ಯ ಇದೆ ಅಂತ ಅವನಿಗೆ ಯಾರು ಹೇಳಿದರೋ. ಆ ನಾಲ್ಕು ತಿಂಗಳು ನಾನಿಲ್ಲದಾಗ ಕಾರಿನಲ್ಲಿ ಕೂತು ನೋಡಿರಬೇಕು.

ಆವತ್ತಿನಿಂದ ನನ್ನ ಹಳೇ ವಾದವನ್ನು ಸ್ವಲ್ಪ ತಿದ್ದಿಕೊಂಡಿದ್ದೇನೆ. ಮ್ಯಾನ್ಯುವಲ್ ಗಾಡಿ ನನಗೆ ಇವತ್ತಿಗೂ ಇಷ್ಟ. ಖಾಲಿ ರಸ್ತೆಯಲ್ಲಿ ತಿರುವಿಗೆ ಮೊದಲು ಮೂರಕ್ಕೆ ಇಳಿಸಿ ಎಳೆಯುವಾಗ ಸಿಗುವ ಖುಷಿಯನ್ನು ಯಾವ ಕಂಪ್ಯೂಟರೂ ಕೊಡೋದಿಲ್ಲ. ಕಂಪ್ಯೂಟರಿಗೆ ಮುಂದಿನ ತಿರುವು ಕಾಣೋದಿಲ್ಲ, ನನಗೆ ಕಾಣುತ್ತದೆ. ಆದರೆ ಆ ಖುಷಿ ಲಿವರಿನೊಳಗೆ ಇದೆ ಅಂತ ತಿಳಿದಿದ್ದೆನಲ್ಲ, ಅದು ತಪ್ಪು. ಗಾಡಿ ಏನು ಹೇಳುತ್ತಿದೆ ಅಂತ ಕೇಳಿಸಿಕೊಳ್ಳುವುದರಲ್ಲಿದೆ. ಮೂರು ಪೆಡಲ್ ಇದ್ದರೆ ಕೇಳಿಸಿಕೊಳ್ಳದೆ ವಿಧಿಯಿಲ್ಲ, ಕಿವಿಗೊಡದಿದ್ದರೆ ಗಾಡಿ ಬಂದ್ ಬೀಳುತ್ತದೆ. ಎರಡೇ ಇದ್ದರೆ ಕಿವಿ ಮುಚ್ಚಿಕೊಂಡೂ ಓಡಿಸಬಹುದು. ನಾನು ಹಾಗೆ ಓಡಿಸುತ್ತಿದ್ದೆ. ಅಪ್ಪ ಓಡಿಸಲಿಲ್ಲ.

ಇನ್ನೊಂದು ಮಾತು. ಕಾಲು ನೋಯದವರು ‘ಗೇರೇ ಮಜಾ’ ಅನ್ನೋದು ಸುಲಭ. ನಿಮ್ಮ ಮನೆಯಲ್ಲೂ ಮೊಣಕಾಲು ಹಿಡಿದುಕೊಂಡು ‘ನನಗ್ಯಾಕ ಗಾಡಿ’ ಅನ್ನೋ ಹಿರಿಯರಿದ್ದರೆ, ಡಾಕ್ಟರನ್ನು ಕೇಳಿ, ಖಾಲಿ ಬಯಲಿನಲ್ಲಿ ನಾಲ್ಕು ದಿನ ರೂಢಿ ಮಾಡಿಸಿ. ಎಡಗಾಲನ್ನು ಹಿಂದೆ ಮಡಚಿ ಇಡೋಕೆ ಮೊದಲು ಹೇಳಿ. ನಾನು ಮಾಡಿದ ತಪ್ಪು ಮಾಡಬೇಡಿ. ‘ಏನೂ ಮಾಡಬಾರ್ದು, ಸುಮ್ನ ಇರಬೇಕು’ ಅಂತ ಮಾತ್ರ ಹೇಳಬೇಡಿ. ಜೀವನಪೂರ್ತಿ ದುಡಿದವರಿಗೆ ಅದು ಬೇರೆ ಥರ ಕೇಳಿಸುತ್ತದೆ.

ಈಗ ಅಪ್ಪ ಪ್ರತಿ ಭಾನುವಾರ ಲಿಂಗಸುಗೂರಿಗೆ ಹೋಗುತ್ತಾನೆ. ಕತ್ತಲಾಗುವ ಮೊದಲು ವಾಪಸ್ ಬರಬೇಕು ಅನ್ನೋದು ನಮ್ಮ ಒಪ್ಪಂದ. ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳನ್ನು ಯಾವ ಗೇರ್‌ಬಾಕ್ಸೂ ಕಂಡುಹಿಡಿಯೋದಿಲ್ಲ. ಕಳೆದ ವಾರ ವಾಪಸ್ ಬಂದವನನ್ನು ‘ಹೆಂಗಿತ್ತು ಗಾಡಿ?’ ಅಂತ ಕೇಳಿದೆ. ಕೀಲಿಯನ್ನು ಗೂಟಕ್ಕೆ ಹಾಕುತ್ತಾ ಹೇಳಿದ: ‘ಪರವಾಗಿಲ್ಲ. ಹುಡುಗ ಕಲ್ತಾನ.’